ಕಾಟಾದಿಂದ ಕಿಟಕಿಯವರೆಗೆ



ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಡೆ ರಸ್ತೆಗೆ ಬಿಡುವಿಲ್ಲ. ಭೀಮಾ ದಂಡೆಯ ಮಣ್ಣೂರಿನಿಂದ, ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳು ಹೊರಡುತ್ತವೆ. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ನಮ್ಮ ಅಫಜಲಪುರ ತಾಲೂಕಿನ ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆ ಕೆಲವು, ಆಳಂದ ತಾಲೂಕಿನ ಭೂಸನೂರಿನ ಕಾರ್ಖಾನೆಯ ಕಡೆ ಕೆಲವು. ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುವವೂ ಉಂಟು. ಎಲ್ಲಿಗೇ ಹೋಗಲಿ, ಗಾಡಿ ಮೊದಲು ಹತ್ತಬೇಕಾದದ್ದು ಕಾಟಾ, ಅಂದರೆ ಗಾಡಿಯನ್ನೇ ತೂಗುವ ದೊಡ್ಡ ತಕ್ಕಡಿ.

ಗಾಡಿ ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ. ಪಕ್ಕದ ಖೋಲಿಯ ಕಿಟಕಿಯೊಳಗೆ ಒಂದು ಕಂಪ್ಯೂಟರ್. ಅದರಲ್ಲಿ ಅಂಕಿ ಮೂಡುತ್ತದೆ. ಪ್ರಿಂಟರ್ ಸದ್ದು ಮಾಡುತ್ತದೆ. ಪಾವತಿ, ಅಂದರೆ ತೂಕದ ಚೀಟಿ, ಕೈಗೆ ಬರುತ್ತದೆ. ನೀರು ಹಾಯಿಸಿದ್ದು, ಗೊಬ್ಬರ ಹಾಕಿದ್ದು, ಕಟಾವಿನ ಗ್ಯಾಂಗಿಗಾಗಿ ಅಲೆದದ್ದು, ಎಲ್ಲದರ ಲೆಕ್ಕ ಆ ಒಂದು ಅಂಕಿಗೆ ಬಂದು ನಿಲ್ಲುತ್ತದೆ.

ಆ ಅಂಕಿ ಹಾಸಿನಿಂದ ಕಿಟಕಿಗೆ ಹೇಗೆ ಬಂತು? ನಡುವೆ ಇರುವುದು ಒಂದು ತಂತಿ. ತಂತಿಯೊಳಗೆ ಕ್ವಿಂಟಲ್ ಹರಿಯುವುದಿಲ್ಲ, ಟನ್ನೂ ಹರಿಯುವುದಿಲ್ಲ. ಹರಿಯುವುದು ವಿದ್ಯುತ್ತು. ಅದಕ್ಕೆ ಒಂದು ಮಟ್ಟ ಇರುತ್ತದೆ. ಆ ಮಟ್ಟವನ್ನು ವೋಲ್ಟುಗಳಲ್ಲಿ ಅಳೆಯುತ್ತೇವೆ. ಇವತ್ತಿನ ನನ್ನ ಮಾತು ಆ ಮಟ್ಟದ ಬಗ್ಗೆ. ಅದನ್ನು ಯಾಕೆ ಏರಿಸಬೇಕು, ಹೇಗೆ ಏರಿಸುತ್ತಾರೆ, ಮತ್ತು ಎಲ್ಲಿ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಕಬ್ಬು ಬೆಳೆದವರಿಗೂ ಇದು ಬೇಕು. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟ ಹುಡುಗರಿಗೂ ಬೇಕು.

ಮೊದಲು ಹಾಸಿನ ಕೆಳಗೆ ಇಳಿಯೋಣ. ಅಲ್ಲಿ ನಾಲ್ಕು, ಆರು ಅಥವಾ ಎಂಟು ಉಕ್ಕಿನ ಗಟ್ಟಿ ತುಂಡುಗಳಿರುತ್ತವೆ. ಇಡೀ ಹಾಸು ಅವುಗಳ ಮೇಲೆ ಕೂತಿರುತ್ತದೆ. ಇವಕ್ಕೆ ಲೋಡ್ ಸೆಲ್ ಎನ್ನುತ್ತಾರೆ. ಭಾರ ಬಿದ್ದಾಗ ಉಕ್ಕು ತುಸು ಕುಗ್ಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆ ಉಕ್ಕಿಗೆ ತೆಳುವಾದ ಲೋಹದ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಉಕ್ಕು ಕುಗ್ಗಿದರೆ ಪಟ್ಟಿಯೂ ಕುಗ್ಗುತ್ತದೆ. ಅದರ ವಿದ್ಯುತ್ ರೋಧ ಬದಲಾಗುತ್ತದೆ. ಪಟ್ಟಿಯ ಹೆಸರು ಸ್ಟ್ರೈನ್ ಗೇಜ್. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್, ಆರ್ಥರ್ ರೂಜ್ ಎಂಬ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು.

ಈ ಸೆಲ್ಲಿಗೆ ಹತ್ತು ವೋಲ್ಟ್ ಕೊಟ್ಟರೆ, ಅದು ಪೂರ್ತಿ ಭಾರ ಹೊತ್ತಾಗ ವಾಪಸು ಕೊಡುವುದು ಸುಮಾರು 20 ಮಿಲಿವೋಲ್ಟ್. ಅಂದರೆ ಒಂದು ವೋಲ್ಟಿನ ಐವತ್ತನೇ ಒಂದು ಭಾಗ. ಅರವತ್ತು ಟನ್ನಿನ ಕಾಟಾದಲ್ಲಿ ಹತ್ತು ಕಿಲೋ ವ್ಯತ್ಯಾಸ ತೋರಿಸಬೇಕೆಂದರೆ ಆ 20 ಮಿಲಿವೋಲ್ಟನ್ನು ಆರು ಸಾವಿರ ಪಾಲು ಮಾಡಬೇಕು. ಒಂದು ಪಾಲಿಗೆ ಸಿಗುವುದು ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಮೂರು ಭಾಗ. ಇಷ್ಟು ಸಣ್ಣದನ್ನು ಹಾಗೇ ದೂರ ಕಳಿಸಲು ಬರುವುದಿಲ್ಲ. ಹಾಗಾಗಿ ಅದು ಹತ್ತಿರದ ಒಂದು ಡಬ್ಬಿಗೆ ಹೋಗುತ್ತದೆ. ಕೆಂಪು ಅಂಕಿ ತೋರಿಸುವ ಡಬ್ಬಿ. ಅದೇ ಇಂಡಿಕೇಟರ್. ಅದು ಮಿಲಿವೋಲ್ಟನ್ನು ನೂರಾರು ಪಟ್ಟು ಹಿಗ್ಗಿಸಿ, ಎಣಿಸಿ, ಅಂಕಿಯಾಗಿ ಮಾಡುತ್ತದೆ.

ಇಲ್ಲಿಗೆ ಒಂದು ಘಟ್ಟ ಮುಗಿಯಿತು. ಭಾರ ಉಕ್ಕನ್ನು ಒತ್ತಿತು. ಉಕ್ಕು ಮಿಲಿವೋಲ್ಟ್ ಕೊಟ್ಟಿತು. ಡಬ್ಬಿ ಅದನ್ನು ಅಂಕಿ ಮಾಡಿತು. ಇನ್ನು ಅಂಕಿ ಕಂಪ್ಯೂಟರಿಗೆ ಹೋಗಬೇಕು.

ಡಬ್ಬಿಯೊಳಗಿನ ಚಿಪ್ಪಿಗೆ ಗೊತ್ತಿರುವುದು ಎರಡೇ ಸಂಗತಿ. ಒಂದು ಮತ್ತು ಸೊನ್ನೆ. ಒಂದು ಎಂದರೆ ಸುಮಾರು ಐದು ವೋಲ್ಟ್. ಸೊನ್ನೆ ಎಂದರೆ ಹತ್ತಿರ ಹತ್ತಿರ ಏನೂ ಇಲ್ಲ. ಪ್ರತಿ ಅಂಕಿಗೂ ಒಂದು–ಸೊನ್ನೆಗಳ ಒಂದು ಸಾಲು ಗೊತ್ತುಮಾಡಲಾಗಿದೆ. ನಾಲ್ಕು ಎಂಬ ಅಂಕಿಗೆ ಇರುವ ಸಾಲು: ಸೊನ್ನೆ, ಒಂದು, ಒಂದು, ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಇವನ್ನು ಏಳು ತಂತಿಯಲ್ಲಿ ಒಟ್ಟಿಗೇ ಕಳಿಸಬಹುದು. ಇಲ್ಲವೇ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಕಳಿಸಬಹುದು. ಎರಡನೆಯದಕ್ಕೆ ಸೀರಿಯಲ್ ಸಂಪರ್ಕ ಎನ್ನುತ್ತಾರೆ. ತಂತಿಯ ಖರ್ಚು ಕಡಿಮೆ, ಕೀಲು ಕಡಿಮೆ, ಕೆಡುವುದೂ ಕಡಿಮೆ.

ಇದೇನೂ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಯುಕ್ತಿಯಲ್ಲ. ಟೆಲಿಗ್ರಾಫ್ ಮಾಡಿದ್ದೂ ಇದನ್ನೇ. ನಮ್ಮ ದೇಶದಲ್ಲಿ ವಿಲಿಯಂ ಓಶಾನೆಸ್ಸಿ ಎಂಬ ವೈದ್ಯರು 1839ರಲ್ಲಿ ಕಲ್ಕತ್ತೆಯ ಬಳಿ ತಂತಿ ಎಳೆದು ಇದನ್ನು ಪರೀಕ್ಷೆ ಮಾಡಿದರು. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಬಂತು. ನಮ್ಮ ಭಾಗದಲ್ಲಿ ಸೊಲ್ಲಾಪುರದ ಕಡೆಯಿಂದ ಬಂದ ರೈಲು ಹಳಿ ಕಲಬುರಗಿ ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿದ್ದು 1871ರಲ್ಲಿ. ಹಳಿಯ ಜೊತೆಗೇ ತಂತಿ ಕಂಬಗಳು ಬಂದವು.

ತಂತಿ ಉದ್ದವಾದಂತೆ ವಿದ್ಯುತ್ತು ಸೊರಗುತ್ತಿತ್ತು. ಅದಕ್ಕೆ ಆ ಕಾಲದವರು ಹೂಡಿದ ಉಪಾಯ ರಿಲೇ. ದಣಿದು ಬಂದ ವಿದ್ಯುತ್ತು ಒಂದು ಸಣ್ಣ ವಿದ್ಯುತ್ ಕಾಂತವನ್ನು ಎಬ್ಬಿಸಿದರೆ ಸಾಕು. ಆ ಕಾಂತ ಒಂದು ಕೀಲನ್ನು ಎಳೆಯುತ್ತದೆ. ಕೀಲು ಹೊಸ ಬ್ಯಾಟರಿಯ ದಾರಿ ತೆರೆಯುತ್ತದೆ. ಮುಂದಿನ ತಂತಿಗೆ ಹೊಸ ಬಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ರಿಲೇ ಹಳೆಯ ವಿದ್ಯುತ್ತನ್ನು ಹಿಗ್ಗಿಸಲಿಲ್ಲ. ಬಂತೋ ಇಲ್ಲವೋ ಎಂಬುದನ್ನಷ್ಟೇ ತೀರ್ಮಾನಿಸಿತು. ತೀರ್ಮಾನಿಸಿ, ಹೊಸದನ್ನು ಕಳಿಸಿತು. ದಾರಿಯಲ್ಲಿ ಸೇರಿದ ಗದ್ದಲ ಹಿಂದೆಯೇ ಉಳಿಯಿತು. ಒಂದು–ಸೊನ್ನೆಯ ಭಾಷೆಯ ದೊಡ್ಡ ಲಾಭವೇ ಇದು. ನಮ್ಮಲ್ಲಿ ತಾರ್ ಸೇವೆ 2013ರ ಜುಲೈನಲ್ಲಿ ನಿಂತಿತು. ಈ ತತ್ವ ನಿಲ್ಲಲಿಲ್ಲ. ಸೀರಿಯಲ್ ಸಂಪರ್ಕದ ವೇಗಕ್ಕೆ ಇವತ್ತಿಗೂ ಬಾಡ್ ಎನ್ನುತ್ತೇವಲ್ಲ, ಅದು ಎಮಿಲ್ ಬಾಡೋ ಎಂಬ ಫ್ರೆಂಚ್ ಟೆಲಿಗ್ರಾಫ್ ಎಂಜಿನಿಯರನ ಹೆಸರು.

ಕಾಟಾಗಳಲ್ಲಿ ಸಾಮಾನ್ಯವಾಗಿ ಇಡುವ ವೇಗ 2400 ಅಥವಾ 9600. ಅಂದರೆ ಸೆಕೆಂಡಿಗೆ ಅಷ್ಟು ಒಂದು–ಸೊನ್ನೆಗಳು. ಪ್ರತಿ ಅಕ್ಷರದ ಏಳಕ್ಕೆ ಮುಂದೊಂದು, ಹಿಂದೊಂದು ಗುರುತು, ಜೊತೆಗೊಂದು ಕಾವಲು ಗುರುತು ಸೇರಿ ಒಟ್ಟು ಹತ್ತು ಆಗುತ್ತವೆ. ಹಾಗಾದರೆ 9600ರ ವೇಗದಲ್ಲಿ ಸೆಕೆಂಡಿಗೆ ಸುಮಾರು ಒಂಬೈನೂರ ಅರವತ್ತು ಅಕ್ಷರ. ಒಂದು ಗಾಡಿಯ ತೂಕ ಹೇಳಲು ಹದಿನೈದು ಅಕ್ಷರ ಸಾಕು. ಕಣ್ಣು ರೆಪ್ಪೆ ಬಡಿಯುವ ಮುಂಚೆ ಕೆಲಸ ಮುಗಿದಿರುತ್ತದೆ.

ಅಂಕಿ ಒಂದು–ಸೊನ್ನೆಗಳ ಸಾಲಾಯಿತು. ಸಾಲು ಒಂದೇ ತಂತಿ ಹಿಡಿದು ಹೊರಟಿತು. ತಂತಿ ಉದ್ದವಾದಷ್ಟೂ ತೊಂದರೆ ಎಂಬುದು ಟೆಲಿಗ್ರಾಫಿನ ಕಾಲದಿಂದ ಗೊತ್ತು. ಈಗ ಮುಖ್ಯ ಪ್ರಶ್ನೆಗೆ ಬರೋಣ. ಐದು ವೋಲ್ಟಿನಲ್ಲೇ ಕಳಿಸಿದರೆ ಏನಾಗುತ್ತದೆ?

ಹಳೆಯ ಐದು ವೋಲ್ಟಿನ ಚಿಪ್ಪುಗಳ ನಿಯಮ ಹೀಗಿದೆ. ಎರಡು ವೋಲ್ಟಿಗಿಂತ ಮೇಲಿದ್ದರೆ ಒಂದು. ಒಂದು ವೋಲ್ಟಿಗಿಂತ ತುಸು ಕೆಳಗಿದ್ದರೆ ಸೊನ್ನೆ. ಕಳಿಸುವ ಚಿಪ್ಪು ಒಂದು ಎಂದು ಹೇಳುವಾಗ ಐದು ಪೂರ್ತಿ ಕೊಡುತ್ತೇನೆಂದು ಮಾತು ಕೊಟ್ಟಿರುವುದಿಲ್ಲ. ಎರಡೂವರೆಯ ಹತ್ತಿರ ಕೊಟ್ಟರೂ ಅದರ ಮಾತು ಉಳಿದಂತೆ. ಲೆಕ್ಕ ಹಾಕಿ. ಕಳಿಸಿದ್ದಕ್ಕೂ ಬೇಕಾದದ್ದಕ್ಕೂ ನಡುವೆ ಇರುವ ಅಂತರ ಅರ್ಧ ವೋಲ್ಟಿಗೂ ಕಡಿಮೆ. ಮೇಜಿನ ಮೇಲೆ ಒಂದಡಿ ದೂರಕ್ಕೆ ಇಷ್ಟು ಸಾಕು. ಕಾಟಾದ ಅಂಗಳಕ್ಕೆ ಸಾಲದು. ಅಲ್ಲಿ ಪಕ್ಕದಲ್ಲೇ ಮೋಟಾರಿನ ಸ್ಟಾರ್ಟರ್ ಬಡಿಯುತ್ತದೆ. ಶೆಡ್ಡಿನಲ್ಲಿ ವೆಲ್ಡಿಂಗ್ ನಡೆದಿರುತ್ತದೆ. ಅದೇ ಪೈಪಿನೊಳಗೆ ದೀಪದ ವೈರನ್ನೂ ಯಾರೋ ತೂರಿಸಿರುತ್ತಾರೆ. ಇಂಥ ಒಂದೊಂದು ಬಡಿತವೂ ನಮ್ಮ ತಂತಿಯಲ್ಲಿ ಒಂದಿಷ್ಟು ವೋಲ್ಟ್ ಎಬ್ಬಿಸುತ್ತದೆ. ಅರ್ಧ ವೋಲ್ಟಿನ ಅಂತರ ಅದನ್ನು ಎಲ್ಲಿ ತಡೆದೀತು?

ವೋಲ್ಟೇಜ್ ಏರಿಸುವುದು ಈ ಅಂತರವನ್ನು ದೊಡ್ಡದು ಮಾಡುವುದಕ್ಕಾಗಿ. ಅಮೆರಿಕದ ಎಲೆಕ್ಟ್ರಾನಿಕ್ಸ್ ತಯಾರಕರ ಸಂಘ 1960ರಲ್ಲಿ ಇದಕ್ಕೊಂದು ನಿಯಮ ಹಾಕಿತು. ಹೆಸರು ಆರ್‌ಎಸ್-232. 1969ರಲ್ಲಿ ಅದನ್ನು ತಿದ್ದಿ ಗಟ್ಟಿ ಮಾಡಿದರು. ನಿಯಮ ಕೇಳಿದರೆ ಮೊದಲಿಗೆ ತಲೆಕೆಳಗು ಅನ್ನಿಸುತ್ತದೆ. ಒಂದು ಎನ್ನಲು ಮೈನಸ್ ವೋಲ್ಟ್ ಕೊಡಬೇಕು. ಸೊನ್ನೆ ಎನ್ನಲು ಪ್ಲಸ್ ವೋಲ್ಟ್ ಕೊಡಬೇಕು. ಕಳಿಸುವವನು ಕಡಿಮೆಯೆಂದರೂ ಐದು ಕೊಡಬೇಕು, ಹದಿನೈದರವರೆಗೆ ಕೊಡಬಹುದು. ತೆಗೆದುಕೊಳ್ಳುವವನು ಮೂರಕ್ಕಿಂತ ಮೇಲೆ ಬಂದದ್ದನ್ನು ಒಪ್ಪಬೇಕು. ಮೈನಸ್ ಮೂರರಿಂದ ಪ್ಲಸ್ ಮೂರರವರೆಗಿನ ಜಾಗ ಯಾರದ್ದೂ ಅಲ್ಲ. ಅಲ್ಲಿ ಗದ್ದಲ ಏನಾದರೂ ಮಾಡಿಕೊಳ್ಳಲಿ. ಅರ್ಧ ವೋಲ್ಟಿದ್ದ ಅಂತರ ಈಗ ಕನಿಷ್ಠ ಎರಡು ವೋಲ್ಟ್. ಎಂಟು ವೋಲ್ಟ್ ಕಳಿಸಿದರೆ ಐದು ವೋಲ್ಟ್.

ಏನೂ ಕಳಿಸದಿದ್ದಾಗ ಈ ತಂತಿ ಮೈನಸ್ಸಿನಲ್ಲಿ ನಿಂತಿರುತ್ತದೆ. ರಿಪೇರಿಯವರೇ, ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಮೈನಸ್ ಎಂದ ಕೂಡಲೇ ಅನುಮಾನ ಪಡಬೇಕಾಗಿಲ್ಲ. ದೂರವಾಣಿ ವಿನಿಮಯ ಕೇಂದ್ರಗಳೂ ನಡೆಯುವುದು ಮೈನಸ್ ನಲವತ್ತೆಂಟು ವೋಲ್ಟಿನಲ್ಲಿ.  ಪ್ಲಸ್ಸನ್ನು ನೆಲಕ್ಕೆ ಕೊಟ್ಟು ಮೈನಸ್ಸನ್ನು ತಂತಿಗೆ ಕೊಟ್ಟರೆ ನೆಲದೊಳಗಿನ ತಾಮ್ರ ಬೇಗ ತಿಂದುಹೋಗುವುದಿಲ್ಲ. ಅಲ್ಲಿನ ಕಾರಣ ಅದು.

ಐದು ವೋಲ್ಟಿನ ಅಂತರ ಸಣ್ಣದು. ಅದನ್ನು ಪ್ಲಸ್–ಮೈನಸ್ ಮಾಡಿ ಏರಿಸಿದರೆ ಅಂತರ ದೊಡ್ಡದು. ಇಷ್ಟು ತಿಳಿಯಿತು. ಆದರೆ ಡಬ್ಬಿಯಲ್ಲಿರುವುದು ಐದೇ ವೋಲ್ಟ್. ಮೈನಸ್ ಅಂತೂ ಇಲ್ಲವೇ ಇಲ್ಲ. ಎಲ್ಲಿಂದ ತರುವುದು?

ಮೊದಲು ಇದಕ್ಕೆ ಬೇರೆಯೇ ಟ್ರಾನ್ಸ್‌ಫಾರ್ಮರ್ ಇಡುತ್ತಿದ್ದರು. ಪ್ಲಸ್ ಹನ್ನೆರಡು ಒಂದು, ಮೈನಸ್ ಹನ್ನೆರಡು ಇನ್ನೊಂದು. ಅವುಗಳ ಮೇಲೆ 1488, 1489 ಎಂಬ ಜೋಡಿ ಚಿಪ್ಪುಗಳು. ಒಂದು ಕಳಿಸಲು, ಒಂದು ಪಡೆಯಲು. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಡಬ್ಬಿ ಮಾತ್ರ ದಪ್ಪ, ತೂಕ ಜಾಸ್ತಿ, ಖರ್ಚು ಜಾಸ್ತಿ. ಎರಡರಲ್ಲಿ ಒಂದು ಸಪ್ಲೈ ಹೋದರೂ ಮಾತು ಬಂದ್.

1980ರ ದಶಕದಲ್ಲಿ ಮ್ಯಾಕ್ಸಿಮ್ ಎಂಬ ಕಂಪನಿ ಮ್ಯಾಕ್ಸ್-232 ಎಂಬ ಚಿಪ್ಪು ತಂದಿತು. ಹದಿನಾರು ಕಾಲಿನ ಕಪ್ಪು ಜೀರುಂಡೆಯಷ್ಟೇ ವಸ್ತು. ಅದಕ್ಕೆ ಐದು ವೋಲ್ಟ್ ಒಂದೇ ಸಾಕು. ಪ್ಲಸ್ ಹತ್ತನ್ನೂ ಮೈನಸ್ ಹತ್ತನ್ನೂ ಅದು ತಾನೇ ಮಾಡಿಕೊಳ್ಳುತ್ತದೆ. ಸುತ್ತ ನಾಲ್ಕು ಕೆಪಾಸಿಟರ್ ಇಟ್ಟರಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ದೊಡ್ಡ ದೊಡ್ಡ ಕಂಪ್ಯೂಟರ್ ಚಿಪ್ಪುಗಳಿಗೆ ಸಿಕ್ಕ ಹೊಗಳಿಕೆಯಲ್ಲಿ ಕಾಲುಭಾಗ ಇದಕ್ಕೆ ಸಿಗಬೇಕಿತ್ತು.

ಐದು ಹತ್ತಾಗುವುದು ಹೇಗೆ? ಒಂದು ಮೊಳ ಎತ್ತರದ ಕೊಡ ತೆಗೆದುಕೊಳ್ಳಿ. ನೆಲದ ಮೇಲಿಟ್ಟು ಅಂಚಿನವರೆಗೆ ನೀರು ತುಂಬಿಸಿ. ನೀರಿನ ಮಟ್ಟ ನೆಲದಿಂದ ಒಂದು ಮೊಳ. ಈಗ ಅದೇ ಕೊಡವನ್ನು ಎತ್ತಿ ಒಂದು ಮೊಳದ ಕಟ್ಟೆಯ ಮೇಲಿಡಿ. ನೀರಿನ ಮಟ್ಟ ಎರಡು ಮೊಳ. ನೀರು ಹೆಚ್ಚಾಗಿಲ್ಲ, ಎತ್ತರ ಹೆಚ್ಚಾಯಿತು. ಚಿಪ್ಪು ಮಾಡುವುದು ಇದನ್ನೇ. ಮೊದಲು ಕೆಪಾಸಿಟರನ್ನು ಐದು ವೋಲ್ಟಿಗೆ ತುಂಬಿಸುತ್ತದೆ. ಆಮೇಲೆ ಅದರ ಕೆಳತುದಿಯನ್ನು ಐದು ವೋಲ್ಟಿನ ಮಟ್ಟಕ್ಕೆ ಎತ್ತುತ್ತದೆ. ಮೇಲ್ತುದಿ ಹತ್ತಕ್ಕೆ ಹೋಗುತ್ತದೆ. ಆ ಹತ್ತನ್ನು ಇನ್ನೊಂದು ಕೆಪಾಸಿಟರಿಗೆ ತುಂಬಿ, ತುದಿಗಳನ್ನು ಅದಲುಬದಲು ಮಾಡಿದರೆ ಮೈನಸ್ ಹತ್ತು. ಹೀಗೆ ಸೆಕೆಂಡಿಗೆ ಸಾವಿರಾರು ಸಲ ತುಂಬಿಸು, ಎತ್ತು, ಸುರಿ.

ಒಂದು ಕೊಡದಷ್ಟೇ ನೀರು ಎಂಬುದನ್ನು ಮರೆಯಬಾರದು. ಇಲ್ಲಿಂದ ಹೆಚ್ಚು ಕರೆಂಟು ಎಳೆದರೆ ಮಟ್ಟ ಇಳಿಯುತ್ತದೆ. ಅದಕ್ಕೇ ತಂತಿಗೆ ನಿಜವಾಗಿ ಸಿಗುವುದು ಹತ್ತಲ್ಲ, ಸುಮಾರು ಎಂಟು.

ಈಗ ರಿಪೇರಿ ಅಂಗಡಿಯವರಿಗೆ ಎರಡು ಮಾತು. ಉಳಿದವರು ಬೇಸರ ಮಾಡಿಕೊಳ್ಳಬಾರದು. ಕಾಟಾದ ಅಂಕಿ ಕಂಪ್ಯೂಟರಿಗೆ ಬರುತ್ತಿಲ್ಲ ಎಂದು ಕರೆ ಬಂತು ಅನ್ನಿ. ಮೊದಲು ಮಲ್ಟಿಮೀಟರ್ ತೆಗೆಯಿರಿ, ಸಾಫ್ಟ್‌ವೇರ್ ಆಮೇಲೆ. ಇಂಡಿಕೇಟರಿನ ಕಳಿಸುವ ತಂತಿಗೂ ಅದರ ಗ್ರೌಂಡಿಗೂ ನಡುವೆ ಅಳೆಯಿರಿ. ಮಾತಿಲ್ಲದಾಗ ಮೈನಸ್ ಏಳು, ಎಂಟು, ಒಂಬತ್ತು ಬಂದರೆ ಅದು ಆರೋಗ್ಯ. ಮೈನಸ್ ಮೂರು ನಾಲ್ಕು ಬಂದರೆ ಕೆಪಾಸಿಟರ್ ಒಣಗಿರಬೇಕು. ಬೇಸಿಗೆಯ ತಗಡಿನ ಖೋಲಿಯಲ್ಲಿ ಅವು ಬೇಗ ಒಣಗುತ್ತವೆ. ಬದಲಿಸುವಾಗ ಪ್ಲಸ್–ಮೈನಸ್ ನೋಡಿ ಹಾಕಿ. ಮೈನಸ್ ಇರುವ ಕಡೆ ಕೆಪಾಸಿಟರಿನ ಪ್ಲಸ್ ಕಾಲು ನೆಲದ ಕಡೆ ಇರುತ್ತದೆ. ಅಲ್ಲೇ ಹೆಚ್ಚಿನವರು ಎಡವುವುದು. ಚಿಪ್ಪು ಮುಟ್ಟಲಾರದಷ್ಟು ಬಿಸಿಯಾದರೆ ಅದು ನಕಲಿ ಇರಬಹುದು, ಇಲ್ಲವೇ ಸುಟ್ಟಿರಬಹುದು. ಎರಡಕ್ಕೂ ಔಷಧಿ ಒಂದೇ, ಬದಲಿಸುವುದು.

ಇನ್ನೊಂದು ಎಚ್ಚರ. ಪೇಟೆಯಲ್ಲಿ ಯುಎಸ್‌ಬಿಯಿಂದ ಸೀರಿಯಲ್ ಮಾಡುವ ವೈರುಗಳು ಸಿಗುತ್ತವೆ. ನೋಡಲು ಅಣ್ಣತಮ್ಮಂದಿರಂತೆ ಇರುವ ಎರಡು ಜಾತಿ. ಒಂದು ಜಾತಿ ಪ್ಲಸ್–ಮೈನಸ್ ವೋಲ್ಟ್ ಕೊಡುತ್ತದೆ. ಇನ್ನೊಂದು ಬರೀ ಮೂರು ಅಥವಾ ಐದು ವೋಲ್ಟಿನದು. ಎರಡನೆಯದನ್ನು ಕಾಟಾದ ತಂತಿಗೆ ಸಿಕ್ಕಿಸಿದರೆ ಮೈನಸ್ ಎಂಟು ವೋಲ್ಟ್ ಒಳಗೆ ಹೋಗಿ ವೈರು ಸುಡುತ್ತದೆ. ಕೆಲವು ಸಲ ಕಂಪ್ಯೂಟರಿಗೂ ಪೆಟ್ಟು. ಕೊಳ್ಳುವ ಮುಂಚೆ ಕೇಳಿ, ಕೇಳಿದ ಮೇಲೆ ಅಳೆಯಿರಿ.

ಕೆಲವರು ಚಿಪ್ಪೇ ಇಲ್ಲದೆ, ಐದು ವೋಲ್ಟನ್ನೇ ತಲೆಕೆಳಗು ಮಾಡಿ ಕಂಪ್ಯೂಟರಿಗೆ ಕೊಡುತ್ತಾರೆ. ನಡೆಯುತ್ತದೆ. ಯಾಕೆಂದರೆ ಕಂಪ್ಯೂಟರಿನ ಒಳಗಿನ ಚಿಪ್ಪು ನಿಯಮಕ್ಕಿಂತ ಉದಾರಿ. ಒಂದೂವರೆ ವೋಲ್ಟಿನ ಆಸುಪಾಸಿನಲ್ಲೇ ಅದು ತೀರ್ಮಾನ ಮಾಡುತ್ತದೆ. ಅಂಗಡಿಯ ಮೇಜಿನ ಮೇಲೆ ನಡೆದದ್ದು ಹಂಗಾಮಿನಲ್ಲಿ ಕೈಕೊಡುವುದು ಇಂಥ ಕಡೆಯೇ. ಇಂಥ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದು ನ್ಯಾಯವಲ್ಲ.

ಇಲ್ಲಿಯವರೆಗೆ ಏರಿಸುವ ಮಾತಾಡಿದೆವು. ಐದನ್ನು ಹತ್ತು ಮಾಡಿದೆವು, ಮೈನಸ್ ಮಾಡಿದೆವು, ಅಂತರ ಹಿಗ್ಗಿಸಿದೆವು. ಇನ್ನು ಏರಿಸಿದರೂ ಆಗದ ಕೆಲಸದ ಮಾತು. ಕಾಟಾದ ಪಕ್ಕದಲ್ಲೇ ಖೋಲಿ ಇದ್ದರೆ ಸರಿ. ಆದರೆ ದೊಡ್ಡ ಅಂಗಳಗಳಲ್ಲಿ ಕಾಟಾ ಗೇಟಿನ ಹತ್ತಿರ, ಕಚೇರಿ ನೂರಿನ್ನೂರು ಮೀಟರ್ ಆಚೆ. ಆರ್‌ಎಸ್-232ರ ಹಳೆಯ ನಿಯಮ ಒಪ್ಪಿದ್ದು ಐವತ್ತು ಅಡಿ. ಹದಿನೈದು ಮೀಟರ್ ಅನ್ನಿ.

ಉದ್ದದ ತಂತಿ ವೋಲ್ಟನ್ನು ನುಂಗುತ್ತದೆ, ಅದಕ್ಕೇ ಇನ್ನಷ್ಟು ಏರಿಸಬೇಕು ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು ಲೆಕ್ಕ. ಇಲ್ಲಿ ಹರಿಯುವ ಕರೆಂಟು ತೀರಾ ಕಡಿಮೆ. ನೂರು ಮೀಟರ್ ತೆಳು ತಂತಿಯಲ್ಲೂ ಕಳೆದುಹೋಗುವುದು ಒಂದು ವೋಲ್ಟಿನ ನೂರರಲ್ಲಿ ಮೂರು ನಾಲ್ಕು ಭಾಗ ಅಷ್ಟೇ. ನಿಜವಾದ ಅಡ್ಡಿಗಳು ಬೇರೆ ಎರಡು.

ಮೊದಲನೆಯದು, ಅಕ್ಕಪಕ್ಕ ಹೋಗುವ ಎರಡು ತಂತಿಗಳೇ ಸೇರಿ ಒಂದು ಉದ್ದನೆಯ ಕೆಪಾಸಿಟರ್ ಆಗುತ್ತವೆ. ಪ್ರತಿ ಸಲ ಪ್ಲಸ್ಸಿನಿಂದ ಮೈನಸ್ಸಿಗೆ ಹೋಗುವಾಗ ಅದನ್ನು ತುಂಬಿಸಬೇಕು, ಖಾಲಿ ಮಾಡಬೇಕು. 9600ರ ವೇಗದಲ್ಲಿ ಒಂದೊಂದು ಗುರುತಿಗೆ ಸಿಗುವ ಸಮಯ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ಉದ್ದದ ತಂತಿ ಅಷ್ಟರಲ್ಲಿ ತುಂಬಿ ಮುಗಿದಿರುವುದಿಲ್ಲ. ಗುರುತಿನ ಅಂಚು ಕರಗುತ್ತದೆ. ವೇಗವನ್ನು 2400ಕ್ಕೆ ಇಳಿಸಿದರೆ ಅದೇ ತಂತಿ ಮತ್ತೆ ಮಾತಾಡುತ್ತದೆ. ಪುಕ್ಕಟೆ ಉಪಾಯ. ಹದಿನೈದು ಅಕ್ಷರದ ತೂಕಕ್ಕೆ ಯಾವ ಆತುರ?

ಎರಡನೆಯ ಅಡ್ಡಿ ನಮ್ಮ ನೆಲದ್ದು. ಅದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ಬಂದ ಕೈಪಿಡಿಗಳಲ್ಲಿ ಎರೆಭೂಮಿಯ ಮಾತು ಇರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕರಿಮಣ್ಣು ನೀರು ಕುಡಿದು ಉಬ್ಬುತ್ತದೆ. ಆಗ ಅರ್ಥಿಂಗ್ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಯ ಕೊಳವೆಗೂ ಮಣ್ಣಿಗೂ ನಂಟು ತಪ್ಪುತ್ತದೆ. ಗೇಟಿನ ಅರ್ಥಿಂಗ್ ಬೇರೆ, ಕಚೇರಿಯ ಅರ್ಥಿಂಗ್ ಬೇರೆ. ಇಬ್ಬರೂ ತಮ್ಮ ತಮ್ಮ ನೆಲವನ್ನೇ ಸೊನ್ನೆ ವೋಲ್ಟ್ ಎಂದುಕೊಂಡಿರುತ್ತಾರೆ. ಆ ಎರಡು ಸೊನ್ನೆಗಳ ನಡುವೆಯೇ ನಾಲ್ಕೈದು ವೋಲ್ಟ್ ವ್ಯತ್ಯಾಸ ಬಂದರೆ? ನಾವು ಕಷ್ಟಪಟ್ಟು ಹಿಗ್ಗಿಸಿದ ಐದು ವೋಲ್ಟಿನ ಅಂತರ ಅಲ್ಲಿಗೇ ಹೋಯಿತು. ಗ್ರೌಂಡ್ ತಂತಿಯಲ್ಲಿ ಬೇಡದ ಕರೆಂಟು ಹರಿದು ಚಿಪ್ಪೂ ಹೋಗುತ್ತದೆ. ಇದಕ್ಕೆ ಹನ್ನೆರಡು ಕೊಟ್ಟರೂ ಇಲ್ಲ, ಹದಿನೈದು ಕೊಟ್ಟರೂ ಇಲ್ಲ.

ಹೊಳೆಯ ಕಾಟವೂ ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದದ್ದು ಮಣ್ಣೂರಿನವರಿಗೆ, ಸೊನ್ನದವರಿಗೆ, ದೇವಲ ಗಾಣಗಾಪುರದವರಿಗೆ ನೆನಪಿದೆ. ಕಬ್ಬಿನ ಹಂಗಾಮು ಶುರುವಾಗುವ ಹೊತ್ತು ಅದು. ಅಂಥ ನೀರು ಇಳಿದ ಮೇಲೂ ನೆಲದೊಳಗಿನ ಪೈಪಿನಲ್ಲಿ, ಕೀಲು ಡಬ್ಬಿಯಲ್ಲಿ ಕೆಸರು ಉಳಿಯುತ್ತದೆ. ತಂತಿಗಳ ನಡುವೆ ವಿದ್ಯುತ್ತು ಸೋರುತ್ತದೆ. ಅಲ್ಲಿಯೂ ವೋಲ್ಟ್ ಏರಿಸುವುದು ಪರಿಹಾರವಲ್ಲ. ಡಬ್ಬಿ ತೆರೆದು ಒಣಗಿಸಿ, ಕೀಲನ್ನು ನೆಲದ ಮೇಲಕ್ಕೆ ತರುವುದು ಪರಿಹಾರ.

ಹಾಗಾದರೆ ದೂರಕ್ಕೆ ಏನು ಮಾಡುವುದು? ಒಂದು ಹಳೆಯ ದಾರಿ ಇದೆ. ವೋಲ್ಟನ್ನು ಲೆಕ್ಕಕ್ಕೆ ಹಿಡಿಯದೆ ಕರೆಂಟನ್ನು ಹಿಡಿಯುವುದು. 20 ಮಿಲಿ ಆಂಪಿಯರ್ ಹರಿದರೆ ಒಂದು, ಹರಿಯದಿದ್ದರೆ ಸೊನ್ನೆ. ಟೆಲಿಪ್ರಿಂಟರುಗಳ ಕಾಲದ ಪದ್ಧತಿ. ಕಾಟಾದ ಹೊರಗೆ ರೈತರಿಗೆ ಕಾಣುವಂತೆ ಇಡುವ ದೊಡ್ಡ ಅಂಕಿಯ ಫಲಕಗಳಲ್ಲಿ ಕೆಲವು ಇವತ್ತಿಗೂ ಹೀಗೇ ನಡೆಯುತ್ತವೆ.

ಇನ್ನೊಂದು ದಾರಿ 1983ರಲ್ಲಿ ಬಂದ ಆರ್‌ಎಸ್-485. ಇದು ನನಗೆ ಬಹಳ ಮೆಚ್ಚಿಗೆಯಾದ ದಾರಿ. ಇಲ್ಲಿ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದು ಒಯ್ಯುತ್ತಾರೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ತೆಗೆದುಕೊಳ್ಳುವ ಚಿಪ್ಪು ನೆಲವನ್ನು ನೋಡುವುದಿಲ್ಲ, ಎರಡರ ವ್ಯತ್ಯಾಸವನ್ನು ನೋಡುತ್ತದೆ. ವೆಲ್ಡಿಂಗ್ ಗದ್ದಲ ಬಂದರೆ ಎರಡಕ್ಕೂ ಒಂದೇ ಸಮ ಬರುತ್ತದೆ. ಕಳೆದರೆ ಉಳಿಯುವುದು ಸೊನ್ನೆ. ಹಾಗಾಗಿ ಕಳಿಸಲು ಒಂದೂವರೆ ವೋಲ್ಟ್ ಸಾಕು. ತೀರ್ಮಾನಿಸಲು ಒಂದು ವೋಲ್ಟಿನ ಐದನೇ ಒಂದು ಭಾಗ ಸಾಕು. ದೂರ ಎಷ್ಟು ಗೊತ್ತೇ? ಕಡಿಮೆ ವೇಗದಲ್ಲಿ ಸಾವಿರದ ಇನ್ನೂರು ಮೀಟರ್. ಹದಿನೈದು ವೋಲ್ಟಿಗೆ ಹದಿನೈದು ಮೀಟರ್, ಒಂದೂವರೆ ವೋಲ್ಟಿಗೆ ಒಂದು ಕಿಲೋಮೀಟರಿಗೂ ಹೆಚ್ಚು. ಎರಡು ತುದಿಯಲ್ಲಿ ನೂರ ಇಪ್ಪತ್ತು ಓಮಿನ ಒಂದೊಂದು ರೆಸಿಸ್ಟರ್ ಹಾಕುವುದನ್ನು ಮಾತ್ರ ಬಿಡಬಾರದು. ಇಲ್ಲದಿದ್ದರೆ ಸಂಕೇತ ತುದಿ ಮುಟ್ಟಿ ಹಿಂದಕ್ಕೆ ಪುಟಿಯುತ್ತದೆ.

ಎರಡು ಕಡೆಯ ನೆಲದ ವ್ಯತ್ಯಾಸ ಏಳು ವೋಲ್ಟಿನ ಒಳಗಿದ್ದರೆ ಆರ್‌ಎಸ್-485 ತಡೆದುಕೊಳ್ಳುತ್ತದೆ. ಅದಕ್ಕೂ ಮೀರಿದರೆ ಬೆಳಕಿನ ಸಹಾಯ ಬೇಕು. ಆಪ್ಟೋ ಕಪ್ಲರ್ ಎಂಬ ಬಿಡಿಭಾಗದೊಳಗೆ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕು ಗುರುತಿಸುವ ಕಣ್ಣು. ನಡುವೆ ತಂತಿಯ ನಂಟಿಲ್ಲ. ಅಂಕಿ ದಾಟುತ್ತದೆ, ನೆಲದ ಜಗಳ ದಾಟುವುದಿಲ್ಲ. ರೋಹಿಣಿ ಮಳೆಯ ಸಿಡಿಲಿಗೆ ಇದೂ ಸಾಲದು. ಹಂಗಾಮು ಮುಗಿದ ಮೇಲೆ ತಂತಿಯನ್ನು ಎರಡೂ ತುದಿಯಲ್ಲಿ ಕಿತ್ತಿಡುವುದೇ ಅದಕ್ಕೆ ಮದ್ದು.

ಹಾಲಿನ ಸಂಘಗಳಲ್ಲಿ ತಕ್ಕಡಿಯಿಂದ, ಕೊಬ್ಬು ಅಳೆಯುವ ಯಂತ್ರದಿಂದ ಕಂಪ್ಯೂಟರಿಗೆ ಹೋಗುವ ತಂತಿಯೂ ಇದೇ ಕುಲದ್ದು. ಅಲ್ಲಿ ದೂರ ಕಡಿಮೆ. ಆರ್‌ಎಸ್-232 ಧಾರಾಳ ಸಾಕು.

ಇಷ್ಟೆಲ್ಲ ಕೇಳಿದ ಮೇಲೆ ಕಬ್ಬು ಬೆಳೆದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹತ್ತಿರಕ್ಕೆ ಏರಿಸುವ ಚಿಪ್ಪು, ದೂರಕ್ಕೆ ಹೆಣೆದ ಜೋಡಿ, ಸರಿ. ಇದೆಲ್ಲ ಕೆಟ್ಟರೆ ನನ್ನ ತೂಕ ಕೆಡುತ್ತದೆಯೇ?

ಹೆಚ್ಚಿನ ಸಲ ಇಲ್ಲ. ಸಂಕೇತ ಸೊರಗಿದರೆ ಪರದೆಯಲ್ಲಿ ಅಂಕಿ ಬರುವುದಿಲ್ಲ, ಇಲ್ಲವೇ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಆಗುವುದೇ ಇಲ್ಲ ಎನ್ನಲಾರೆ. ನಾಲ್ಕರ ಸಾಲು ಹೇಳಿದೆನಲ್ಲ, ಅದರಲ್ಲಿ ಒಂದೇ ಒಂದು ಗುರುತು ಮಗುಚಿದರೆ ಅದು ಐದಾಗಬಹುದು, ಆರಾಗಬಹುದು, ಸೊನ್ನೆಯೂ ಆಗಬಹುದು. ಇಪ್ಪತ್ತನಾಲ್ಕು ಟನ್ ಇಪ್ಪತ್ತಾಗಬಹುದು. ಇದನ್ನು ಹಿಡಿಯಲು ಪ್ಯಾರಿಟಿ ಎಂಬ ಕಾವಲು ಗುರುತು ಇದೆ. ಒಂದು ಗುರುತು ಮಗುಚಿದರೆ ಅದು ಹಿಡಿದೇ ಹಿಡಿಯುತ್ತದೆ, ಎರಡು ಒಟ್ಟಿಗೆ ಮಗುಚಿದರೆ ಹಿಡಿಯಲಾರದು. ಇಂಡಿಕೇಟರ್ ತೂಕವನ್ನು ಒಂದೇ ಸಲ ಹೇಳಿ ಸುಮ್ಮನಾಗುವುದಿಲ್ಲ. ಸೆಕೆಂಡಿಗೆ ಹಲವು ಸಲ ಹೇಳುತ್ತಲೇ ಇರುತ್ತದೆ. ನಾಲ್ಕೈದು ಸಲ ಒಂದೇ ಅಂಕಿ ಬಂದರೆ ಮಾತ್ರ ಪಾವತಿ ಮುದ್ರಿಸುವಂತೆ ಕಂಪ್ಯೂಟರಿಗೆ ಹೇಳಿಡುವುದು ದೊಡ್ಡ ಕೆಲಸವೇನಲ್ಲ. ಎಲ್ಲ ಕಾಟಾಗಳಲ್ಲೂ ಹೀಗೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಕಾಟಾ ಇಟ್ಟವರಲ್ಲಿ ಒಂದು ವಿನಂತಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಹೇಗೂ ಆಗಲೇಬೇಕು. ಅದೇ ಹೊತ್ತಿಗೆ ತಂತಿಯ ವೋಲ್ಟನ್ನೂ ಅಳೆಸಿ. ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ನೀರು ಹಾಕಿಸಿ. ಕಚೇರಿ ದೂರವಿದ್ದರೆ ಇನ್ನೂ ಹೆಚ್ಚು ವೋಲ್ಟ್ ಕೊಡಿ ಎಂದು ರಿಪೇರಿಯವನನ್ನು ಒತ್ತಾಯಿಸಬೇಡಿ, ಹೆಣೆದ ಜೋಡಿ ತಂತಿ ಹಾಕಿಸಿ.

ಗಾಡಿ ತಂದ ರೈತ ಬಾಂಧವರೇ, ಹೊರಗಿನ ದೊಡ್ಡ ಫಲಕ ಇಂಡಿಕೇಟರಿನ ಅಂಕಿಯನ್ನು ತೋರಿಸುತ್ತದೆ. ಪಾವತಿ ಕಂಪ್ಯೂಟರಿನ ಅಂಕಿಯನ್ನು ತೋರಿಸುತ್ತದೆ. ಗಾಡಿ ಹಾಸಿನ ಮೇಲೆ ಇರುವಾಗಲೇ ಎರಡನ್ನೂ ತಾಳೆ ನೋಡಿ. ಖಾಲಿ ಗಾಡಿಯ ತೂಕಕ್ಕೂ ಹೀಗೇ ಮಾಡಿ. ಎರಡು ಅಂಕಿ ಹೊಂದದಿದ್ದರೆ ಗಾಡಿ ಇಳಿಸಬೇಡಿ. ಅಲ್ಲೇ ನಿಂತು ಮರುತೂಕ ಕೇಳಿ.